ಜರ್ಮನಿಯಲ್ಲಿ ಬಿ.ಎ.: ಮೊದಲು ಭಾಷೆಯ ಲೆಕ್ಕ ಹಾಕಿ

ಸಂಪಾದಕರೇ,

ಪಿಯುಸಿ ಫಲಿತಾಂಶ ಬರುತ್ತಿದ್ದಂತೆ ‘ಜರ್ಮನಿಯಲ್ಲಿ ಉಚಿತ ಶಿಕ್ಷಣ’ ಎಂಬ ಬರಹಗಳು ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಸಾಲುಗಟ್ಟುತ್ತವೆ. ಅವು ಹೆಚ್ಚಾಗಿ ಎಂಜಿನಿಯರಿಂಗ್ ಓದಲು ಹೊರಟವರಿಗಾಗಿ ಬರೆದವು. ಜರ್ಮನಿಯ ಇತಿಹಾಸ, ಸಂಸ್ಕೃತಿ, ಸಮಾಜವನ್ನು ಅಲ್ಲೇ ಡಿಗ್ರಿ ಮಟ್ಟದಲ್ಲಿ ಓದಬೇಕೆನ್ನುವ ಕಲಾ ವಿಭಾಗದ ಮಕ್ಕಳು ಅದೇ ಮಾಹಿತಿ ನಂಬಿ ಹೊರಟರೆ ಒಂದು ವರ್ಷವಾದರೂ ಕೈತಪ್ಪುತ್ತದೆ. ಜರ್ಮನ್ ಕಲಿಸುವವರಾಗಿ ನಾವು ಹೇಳಬೇಕಾದದ್ದು ಇಷ್ಟು.

ದೊಡ್ಡ ಖರ್ಚು ಭಾಷೆಯದು, ಅದೂ ಸಮಯದ ಖರ್ಚು. ಮಾಸ್ಟರ್ಸ್‌ಗೆ ಇಂಗ್ಲಿಷ್ ಮಾಧ್ಯಮದ ಕೋರ್ಸುಗಳು ಧಾರಾಳವಾಗಿವೆ. ಇತಿಹಾಸ, ಸಂಸ್ಕೃತಿ ಅಧ್ಯಯನದ ಬ್ಯಾಚುಲರ್ ಮಾತ್ರ ಬಹುತೇಕ ಎಲ್ಲ ಕಡೆ ಜರ್ಮನ್‌ನಲ್ಲೇ. ಪ್ರವೇಶಕ್ಕೆ ಸಾಮಾನ್ಯವಾಗಿ ಕೇಳುವುದು ಎರಡು ಜರ್ಮನ್ ಭಾಷಾ ಪರೀಕ್ಷೆಗಳಲ್ಲಿ ಒಂದು: ಡಿಎಸ್‌ಎಚ್-2, ಇಲ್ಲವೇ ಟೆಸ್ಟ್‌ಡಾಫ್‌ನ ನಾಲ್ಕೂ ಭಾಗಗಳಲ್ಲಿ 4ನೇ ದರ್ಜೆ. ಗೊಯೆಥೆ ಇನ್‌ಸ್ಟಿಟ್ಯೂಟ್‌ನ ಅಂದಾಜಿನಂತೆ, ಎ1ರಿಂದ ಸಿ2ರವರೆಗಿನ ಆರು ಭಾಷಾ ಮಟ್ಟಗಳಲ್ಲಿ ಐದನೆಯದಾದ ಸಿ1 ಮುಟ್ಟಲು 45 ನಿಮಿಷದ 800ರಿಂದ 1,000 ಪಾಠಗಳು ಬೇಕು. ವಾರಕ್ಕೆ ಹತ್ತು ಪಾಠದಂತೆ ಹೋದರೆ ಎರಡು ವರ್ಷದ ಮಾತು. ಬಿ1ರವರೆಗೆ ಚುರುಕಾಗಿ ಬಂದವರು ಆಮೇಲೆ ನಿಂತುಬಿಡುವುದು ಬರವಣಿಗೆಯಲ್ಲಿ. ಟೆಸ್ಟ್‌ಡಾಫ್‌ನ ಓದು, ಕೇಳುವಿಕೆ, ಮಾತು ಮೂರರಲ್ಲೂ 5 ಬಂದು ಬರವಣಿಗೆಯಲ್ಲಿ 3 ಬಂದರೆ ಅರ್ಜಿ ಹಲವು ಕಡೆ ಅಲ್ಲಿಗೇ ಮುಗಿಯುತ್ತದೆ. ಆರು ತಿಂಗಳಲ್ಲಿ ಎಲ್ಲ ಕಲಿಸುತ್ತೇವೆನ್ನುವ ಫಲಕ ಕಂಡರೆ ಮುಂದಕ್ಕೆ ನಡೆಯಿರಿ.

ಎರಡನೆಯ ತೊಡಕು ಪಿಯುಸಿಯದು. ನಮ್ಮ ಪಿಯುಸಿಯೊಂದೇ ಅಲ್ಲಿನ ವಿಶ್ವವಿದ್ಯಾಲಯಕ್ಕೆ ನೇರ ಅರ್ಹತೆಯಾಗುವುದಿಲ್ಲ. ಒಂದು ದಾರಿ ಸ್ಟೂಡಿಯೆನ್‌ಕೊಲೆಗ್. ಅದು ಎರಡು ಸೆಮಿಸ್ಟರಿನ ಪೂರ್ವಸಿದ್ಧತಾ ಓದು, ಕೊನೆಗೊಂದು ಅರ್ಹತಾ ಪರೀಕ್ಷೆ. ಮಾನವಿಕ ವಿಷಯದವರಿಗೆ ‘ಜಿ’ ಕೋರ್ಸ್, ಭಾಷೆಗಳಿಗೆ ‘ಎಸ್’ ಕೋರ್ಸ್. ಅದಕ್ಕೆ ಸೇರುವ ಪರೀಕ್ಷೆಗೇ ಬಿ1–ಬಿ2 ಮಟ್ಟದ ಜರ್ಮನ್ ಬೇಕು. ಇನ್ನೊಂದು ದಾರಿ, ಇಲ್ಲಿಯ ಮಾನ್ಯ ವಿಶ್ವವಿದ್ಯಾಲಯದಲ್ಲಿ ಡಿಗ್ರಿಯ ಮೊದಲ ವರ್ಷ ಪಾಸಾಗಿ ಅರ್ಜಿ ಹಾಕುವುದು. ನಮ್ಮ ಮಟ್ಟಿಗೆ ಇದೇ ಜಾಣತನ: ಬಿ.ಎ. ಓದುತ್ತಲೇ ಸಂಜೆ ಜರ್ಮನ್ ಕಲಿಯಬಹುದು, ಅಲ್ಲಿ ಸೀಟು ಸಿಗದಿದ್ದರೂ ಇಲ್ಲಿಯ ಓದು ಕೈಬಿಡುವುದಿಲ್ಲ. ಒಂದೇ ಎಚ್ಚರಿಕೆ, ಹೀಗೆ ಬರುವ ಅರ್ಹತೆ ಓದಿದ ಕ್ಷೇತ್ರಕ್ಕೆ ಕಟ್ಟುಬಿದ್ದದ್ದು. ಮೊದಲ ವರ್ಷ ಬಿ.ಕಾಂ. ಓದಿ ಇತಿಹಾಸಕ್ಕೆ ಅರ್ಜಿ ಹಾಕಿದರೆ ನಡೆಯದು. ಪಿಯುಸಿಯ ವಿಷಯಗಳೂ ಲೆಕ್ಕಕ್ಕೆ ಬರುತ್ತವೆ. ಜರ್ಮನ್ ಸರ್ಕಾರಿ ದತ್ತಾಂಶ ತಾಣ ‘ಅನಾಬಿನ್’ನಲ್ಲಿ ಭಾರತದ ಪುಟ ತೆರೆದು ಒಂದೊಂದನ್ನೂ ತಾಳೆ ನೋಡಿಕೊಳ್ಳಬೇಕು. ಏಜೆಂಟರು ಈ ಪುಟ ತೋರಿಸುವುದು ಅಪರೂಪ.

ಇನ್ನು ವಿಷಯದ ಹೆಸರು ನಂಬಿ ಮೋಸಹೋಗುವವರಿದ್ದಾರೆ. ‘ಜರ್ಮನ್ ಸಂಸ್ಕೃತಿ’ ಎಂದುಕೊಂಡು ಗೆರ್ಮಾನಿಸ್ಟಿಕ್ ಸೇರಿದವರಿಗೆ ಅಲ್ಲಿ ಸಿಗುವುದು ಆಧುನಿಕ ಸಾಹಿತ್ಯ, ಭಾಷಾವಿಜ್ಞಾನ ಮತ್ತು ಮಧ್ಯಯುಗದ ಜರ್ಮನ್. ಈ ಮೂರನೆಯದು ನಮ್ಮ ಹಳಗನ್ನಡದಂತೆ. ಇವತ್ತಿನ ಭಾಷೆ ಚೆನ್ನಾಗಿ ಬಂದವರೂ ವ್ಯಾಕರಣ ಹೊಸದಾಗಿ ಕಲಿಯಬೇಕು. ಹಬ್ಬ, ಆಚರಣೆ, ವಲಸೆ, ದಿನನಿತ್ಯದ ಬದುಕು ಓದಬೇಕಿದ್ದರೆ ಹುಡುಕಬೇಕಾದ ವಿಭಾಗಗಳು ಯುರೋಪಿಯನ್ ಎಥ್ನಾಲಜಿ ಅಥವಾ ಎಂಪಿರಿಕಲ್ ಸಂಸ್ಕೃತಿ ವಿಜ್ಞಾನ. ಈ ಎರಡನೆಯ ಹೆಸರು ಹುಟ್ಟಿದ್ದು ಟ್ಯೂಬಿಂಗನ್ ಎಂಬ ವಿಶ್ವವಿದ್ಯಾಲಯ ಪಟ್ಟಣದಲ್ಲಿ. ಹಳೆಯ ಜಾನಪದ ಅಧ್ಯಯನ ನಾಜಿಗಳ ಕೈಗೆ ಸಿಕ್ಕಿ ಮೈಲಿಗೆಯಾಗಿತ್ತೆಂದು 1971ರಲ್ಲಿ ಅಲ್ಲಿನ ವಿಭಾಗ ತನ್ನ ಹೆಸರನ್ನೇ ಬದಲಿಸಿಕೊಂಡಿತು. ಇತಿಹಾಸಕ್ಕೆ ಕೆಲವೆಡೆ ಲ್ಯಾಟಿನ್ ಕೇಳುತ್ತಾರೆ. ಕೋರ್ಸಿನ ಅಧ್ಯಯನ ನಿಯಮಾವಳಿ ತೆರೆದು ಓದಿದರೆ ಮೊದಲೇ ಗೊತ್ತಾಗುತ್ತದೆ. ಇಂಥ ಹಲವು ವಿಷಯಗಳಿಗೆ ಸೀಟಿನ ಮಿತಿಯೇ ಇರುವುದಿಲ್ಲ, ಅರ್ಹತೆ ಇದ್ದರೆ ಪ್ರವೇಶ ಉಂಟು. ಕಟ್ ಆಫ್ ಅಂಕದ ಭಯದಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಇದು ನಂಬಲಾಗದ ಮಾತು.

ಕನ್ನಡದ ನಂಟೂ ಟ್ಯೂಬಿಂಗನ್‌ಗಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮಿಷನರಿ ಮೊಗ್ಲಿಂಗ್ ಓದಿದ್ದು ಅಲ್ಲಿ. 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ಆ ಕಾಲದ ಮಿಷನರಿಗಳು ತಮ್ಮ ಪತ್ರ, ವರದಿಗಳನ್ನು ಬರೆದದ್ದು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿ. ಅದರ ‘ಇ’ ಅಕ್ಷರ ಕಣ್ಣಿಗೆ ‘ಎನ್’ನಂತೆ ಕಾಣುತ್ತದೆ, ‘ಯು’ವನ್ನು ಗುರುತಿಸುವುದು ತಲೆಯ ಮೇಲಿನ ಪುಟ್ಟ ಕಮಾನಿನಿಂದ. ಇತಿಹಾಸ ವಿಭಾಗಗಳಲ್ಲಿ ಇದನ್ನು ಓದಿಸುವ ಅಭ್ಯಾಸ ತರಗತಿಗಳು ನಡೆಯುತ್ತವೆ. ಕನ್ನಡವೂ ಕುರೆಂಟೂ ಎರಡೂ ಓದಬಲ್ಲ ವಿದ್ಯಾರ್ಥಿಗೆ ಕರಾವಳಿಯ ಇತಿಹಾಸದಲ್ಲಿ ಕೆಲಸಕ್ಕೆ ಕೊರತೆಯಿಲ್ಲ.

ಹಣದ ಮಾತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಆದರೆ ಟ್ಯೂಬಿಂಗನ್, ಹೈಡೆಲ್‌ಬರ್ಗ್, ಫ್ರೈಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕುತ್ತದೆ; ಆರು ಸೆಮಿಸ್ಟರಿಗೆ 9,000. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು. ಅದು ತಿಂಗಳಿಗೆ 992ರಂತೆ ಕೈಗೆ ಬರುತ್ತದೆ, ಅದರಲ್ಲೇ ಆರೋಗ್ಯ ವಿಮೆ, ಬಾಡಿಗೆ, ಊಟ. ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ದೆಹಲಿಯ ಎಪಿಎಸ್ ಕಚೇರಿ ಕೊಡುವ ಪ್ರಮಾಣಪತ್ರಕ್ಕೆ 18,000 ರೂಪಾಯಿ. 2022ರ ನವೆಂಬರಿನಿಂದ ವೀಸಾಕ್ಕೆ ಅದು ಕಡ್ಡಾಯ. ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪಡೆಯುವ ಯೂನಿ-ಅಸಿಸ್ಟ್ ಮೂಲಕ ಹಾಕುವ ಮೊದಲ ಅರ್ಜಿಗೆ 75 ಯೂರೋ, ನಂತರದ ಒಂದೊಂದಕ್ಕೂ 30.

ಸೇರಿದ ಮೇಲೆ ಕಾಡುವುದು ಪರೀಕ್ಷೆಗಿಂತ ಹೌಸ್‌ಆರ್ಬೈಟ್. ಸೆಮಿನಾರಿನ ಕೊನೆಗೆ ಅಡಿಟಿಪ್ಪಣಿ ಸಮೇತ 12–15 ಪುಟದ ಪ್ರಬಂಧ ಬರೆಯಬೇಕು. ತರಗತಿಯಿಲ್ಲದ ತಿಂಗಳುಗಳೇ ಅದಕ್ಕೆ ಮೀಸಲು. ಆ ತಿಂಗಳುಗಳನ್ನು ರಜೆ ಎಂದುಕೊಂಡು ಪೂರ್ತಿ ದುಡಿಯಲು ಹೋದವರಿಗೆ ಮೂರು ಪ್ರಬಂಧ ಒಟ್ಟಿಗೆ ಬಾಕಿ ಬೀಳುತ್ತವೆ, ಆರು ಸೆಮಿಸ್ಟರಿನ ಓದು ಎಂಟಕ್ಕೆ ಹೋಗುತ್ತದೆ. ಪ್ರಶ್ನೆಯನ್ನೂ ವಿದ್ಯಾರ್ಥಿಯೇ ಹುಡುಕಿ ಅಧ್ಯಾಪಕರ ಭೇಟಿ ಸಮಯದಲ್ಲಿ ಒಪ್ಪಿಗೆ ಪಡೆಯಬೇಕು. ‘ವೈಮಾರ್ ಗಣರಾಜ್ಯದ ಪತನ’ ಎಂದು ಹೋದರೆ ವಿಷಯ ತೀರ ದೊಡ್ಡದೆಂದು ವಾಪಸ್ ಕಳಿಸುತ್ತಾರೆ. ‘1932ರ ಜುಲೈ ಚುನಾವಣೆಯನ್ನು ಒಂದೇ ಊರಿನ ಎರಡು ಪತ್ರಿಕೆಗಳು ಹೇಗೆ ವರದಿ ಮಾಡಿದವು’ ಎಂದರೆ ಕೂರಿಸಿ ಮಾತಾಡುತ್ತಾರೆ. ಗೈಡ್ ನೋಡಿ ಉತ್ತರ ಬರೆದು ಬಂದವರಿಗೆ ಇದು ಸಿ1 ಪರೀಕ್ಷೆಗಿಂತ ಕಷ್ಟ.

ಇಷ್ಟೆಲ್ಲ ಆಗದವರಿಗೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ (ಇಫ್ಲು), ದೆಹಲಿಯ ಜೆಎನ್‌ಯುಗಳಲ್ಲಿ ಜರ್ಮನ್ ಬಿ.ಎ. ಇದೆ. ಅಲ್ಲಿ ಮುಗಿಸಿ ಮಾಸ್ಟರ್ಸ್‌ಗೆ ಹೊರಟರೆ ಸ್ಟೂಡಿಯೆನ್‌ಕೊಲೆಗ್‌ನ ಗೊಡವೆಯಿಲ್ಲ, ಭಾಷೆಯೂ ಅಷ್ಟೊತ್ತಿಗೆ ಹಣ್ಣಾಗಿರುತ್ತದೆ.

ಅಕ್ಟೋಬರಿನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರಿಗೆ ಹೆಚ್ಚಿನ ಕಡೆ ಜುಲೈ 15 ಕೊನೆಯ ದಿನ. ಫಲಿತಾಂಶದ ವಾರದಲ್ಲಿ ಇದನ್ನೆಲ್ಲ ಓದಿದವರು ಆ ವರ್ಷಕ್ಕೆ ಏನೂ ಮಾಡಲಾಗದು. ಪತ್ರಿಕೆಗಳು ಈ ಮಾಹಿತಿಯನ್ನು ಪ್ರಥಮ ಪಿಯುಸಿ ತರಗತಿಗಳು ಆರಂಭವಾಗುವ ಹೊತ್ತಿಗೆ ಪ್ರಕಟಿಸಲಿ ಎಂಬುದು ನಮ್ಮ ಕೋರಿಕೆ.

— ಇಬ್ಬರು ಜರ್ಮನ್ ಬೋಧಕರು, ಮಂಗಳೂರು