ಮತದಾನಕ್ಕೆ ಮುನ್ನ ಪ್ರಮಾಣಪತ್ರ ಓದಿ

ಗುಂಪಿನ ಸದಸ್ಯರ ಗಮನಕ್ಕೆ,

ಮಾಜಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಬಾಳಿದ ಚಿತ್ರದುರ್ಗದಲ್ಲಿಯೂ ‘ಈ ಸಲ ಮತಕ್ಕೆ ಎಷ್ಟು?’ ಎಂಬ ಪ್ರಶ್ನೆ ಸಹಜವೆಂಬಂತೆ ಕೇಳಿಬರುವುದು ನನಗೆ ತೀರ ನೋವಿನ ಸಂಗತಿ. ಮತಕ್ಕಾಗಿ ಹಣ ಕೊಡುವವರಷ್ಟೇ ಅಲ್ಲ, ಪಡೆಯುವವರೂ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನಂತೆ ಲಂಚದ ಅಪರಾಧಿಗಳೇ.

ಅಭ್ಯರ್ಥಿಯು ನಾಮಪತ್ರದೊಂದಿಗೆ ನಮೂನೆ 26ರಲ್ಲಿ ಸಲ್ಲಿಸುವ ಪ್ರಮಾಣಪತ್ರದಲ್ಲಿ (ಅಫಿಡವಿಟ್) ತನ್ನ ಮೇಲಿನ ಕ್ರಿಮಿನಲ್ ಪ್ರಕರಣಗಳು, ಕುಟುಂಬದ ಆಸ್ತಿ, ಸಾಲ, ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ ಹಾಗೂ ವಿದ್ಯಾರ್ಹತೆಯನ್ನು ಘೋಷಿಸಲೇಬೇಕಾಗಿದ್ದು, ಚುನಾವಣಾ ಆಯೋಗದ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ಅಭ್ಯರ್ಥಿಯ ಜಾತಿ ವಿಚಾರಿಸುವುದನ್ನು ಬಿಟ್ಟು ಅದನ್ನು ಓದಿ. ಹಿಂದಿನ ಚುನಾವಣೆಯಲ್ಲೂ ಸ್ಪರ್ಧಿಸಿದ್ದರೆ ಆಗಿನ ಆಸ್ತಿಯ ಅಂಕಿಗಳೊಂದಿಗೆ ಈಗಿನವನ್ನು ಹೋಲಿಸಿ, ಏರಿಕೆಗೆ ಕಾರಣವನ್ನು ಪ್ರಚಾರಕ್ಕೆ ಬಂದಾಗ ಅವರನ್ನೇ ಗೌರವದಿಂದ ಕೇಳಿ.

ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿರುವಾಗ ಹಣ ಹಂಚುವುದು ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಮೂಲಕ ಚಿತ್ರ ಸಮೇತ ದೂರು ಸಲ್ಲಿಸಿ. ಹೆಸರು ತಿಳಿಸದೆಯೂ ಸಲ್ಲಿಸಬಹುದು.