ಎಬ್ಬಿಸುವ ಖರ್ಚೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ನೆಟ್‌ವರ್ಕ್‌ಗೆ ಜೋಡಿಸಿದ ಸಾಧನಗಳನ್ನು ಕೆಲಸವಿಲ್ಲದ ಹೊತ್ತಿನಲ್ಲಿ ಸ್ಲೀಪ್ ಸ್ಥಿತಿಗೆ ಕಳಿಸಿ ವಿದ್ಯುತ್ ಉಳಿಸುವುದು ಹೇಗೆಂಬುದು ಸ್ನಾತಕೋತ್ತರ ಹಾಗೂ ಪಿಎಚ್.ಡಿ. ವಿದ್ಯಾರ್ಥಿಗಳು ಆಗಾಗ ಆಯ್ದುಕೊಳ್ಳುವ ವಿಷಯ. ಬರೀ ಒಂದು ವಾಟ್ ಬಳಸುತ್ತ ಸುಮ್ಮನಿರುವ ಸಾಧನವೂ ವರ್ಷವಿಡೀ ಹಾಗೆಯೇ ಇದ್ದರೆ 8.76 ಯೂನಿಟ್ ವಿದ್ಯುತ್ ಬೇಕಾಗುವುದರಿಂದ ಇದರ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮಲಗಿದ್ದಾಗ ಉಳಿದ ವಿದ್ಯುತ್ತಿನ ಅಂಕಿಯನ್ನು ದಪ್ಪಕ್ಷರದಲ್ಲಿ ಕೊಡುವ ಎಷ್ಟೋ ಪ್ರಬಂಧಗಳು ಎಬ್ಬಿಸಲು ತಗಲುವ ಖರ್ಚಿನ ಬಗ್ಗೆ ಒಂದು ಸಾಲಿನಲ್ಲಿ ಮಾತು ಮುಗಿಸುತ್ತವೆ ಎಂಬುದು ನನ್ನ ಆಕ್ಷೇಪ.

ನೆಟ್‌ವರ್ಕ್‌ನಲ್ಲಿ ದತ್ತಾಂಶವನ್ನು ದಾಟಿಸುವ ಸ್ವಿಚ್ ಮತ್ತು ರೌಟರ್ ಎಂಬ ಸಾಧನಗಳ ಭಾಗಗಳನ್ನೂ ಮಲಗಿಸಬಹುದೇ ಎಂಬ ಪ್ರಶ್ನೆಯನ್ನು ಸಂಶೋಧಕರಾದ ಮಾರುತಿ ಗುಪ್ತಾ ಮತ್ತು ಸುರೇಶ್ ಸಿಂಗ್ 2003ರಲ್ಲಿ ಎತ್ತಿದ್ದರು. ಖಾಲಿ ಇರುವ ಈಥರ್ನೆಟ್ ಸಂಪರ್ಕವನ್ನು (ಸಾಧನಗಳನ್ನು ತಂತಿಯಿಂದ ಜೋಡಿಸುವ ಸಂಪರ್ಕವನ್ನು) ಮಲಗಿಸುವ ಐಇಇಇ 802.3ಎಝೆಡ್ ಮಾನದಂಡ 2010ರಲ್ಲಿ ಬಂತು. ಆ ಮಾನದಂಡದ ಅಂಕಿಗಳನ್ನೇ ನೋಡಿ: ಸೆಕೆಂಡಿಗೆ 10 ಗಿಗಾಬಿಟ್ ವೇಗದ ತಾಮ್ರದ ತಂತಿಯಲ್ಲಿ 1500 ಬೈಟ್‌ಗಳ ಒಂದು ಪ್ಯಾಕೆಟ್ (ದತ್ತಾಂಶದ ತುಣುಕು) ಸಾಗಲು ಸುಮಾರು 1.2 ಮೈಕ್ರೊಸೆಕೆಂಡ್ ಸಾಕು, ಆದರೆ ಸಂಪರ್ಕ ಎಚ್ಚರಗೊಳ್ಳಲು 4.48 ಮೈಕ್ರೊಸೆಕೆಂಡ್, ಮತ್ತೆ ಮಲಗಲು 2.88 ಮೈಕ್ರೊಸೆಕೆಂಡ್ ಬೇಕು. ಪ್ಯಾಕೆಟ್‌ಗಳು ಒಂದೊಂದಾಗಿ ಬಿಡಿಬಿಡಿಯಾಗಿ ಬಂದರೆ, ಎಚ್ಚರವಿರುವ ಸಮಯದ ಹೆಚ್ಚಿನ ಪಾಲು ಏಳುವುದರಲ್ಲಿ, ಮಲಗುವುದರಲ್ಲಿಯೇ ಕಳೆದುಹೋಗುತ್ತದೆ. ಹತ್ತಾರು ಪ್ಯಾಕೆಟ್‌ಗಳನ್ನು ತಡೆಹಿಡಿದು ಒಟ್ಟಿಗೆ ಕಳಿಸಿದರೆ ಉಳಿತಾಯ ಹೆಚ್ಚುತ್ತದೆ, ನಿಜ. ಜೊತೆಗೇ ವಿಳಂಬವೂ ಹೆಚ್ಚುತ್ತದೆ. ಉಳಿತಾಯದ ನಕ್ಷೆಯ ಪಕ್ಕದಲ್ಲಿ ವಿಳಂಬದ ನಕ್ಷೆ ಇಲ್ಲದ ಪ್ರಬಂಧವನ್ನು ಪರೀಕ್ಷಕರು ಹಿಂದಿರುಗಿಸಬೇಕು.

ಕಂಪ್ಯೂಟರ್‌ಗಳ ವಿಷಯದಲ್ಲಿ ತೊಡಕು ಬೇರೆಯೇ. ಕಂಪ್ಯೂಟರನ್ನು ಮಲಗಿಸುವುದು ಸುಲಭ. ಮಲಗಿದ ಮೇಲೂ ಅದು ನೆಟ್‌ವರ್ಕ್‌ನ ಕೈಗೆ ಸಿಗುವಂತೆ ನೋಡಿಕೊಳ್ಳುವುದು ಕಷ್ಟ. 'ಈ ವಿಳಾಸ ಯಾರದು' ಎಂದು ನೆಟ್‌ವರ್ಕ್ ಕೇಳಿದಾಗ ಉತ್ತರ ಬರದಿದ್ದರೆ, ಉಳಿದ ಯಂತ್ರಗಳ ಪಾಲಿಗೆ ಅದು ಇಲ್ಲದಂತೆಯೇ. 6 ಬೈಟ್‌ಗಳ ಆರಂಭಿಕ ಗುರುತು, ಅದರ ಬೆನ್ನಿಗೆ ಯಂತ್ರದ ಹಾರ್ಡ್‌ವೇರ್ ವಿಳಾಸ 16 ಬಾರಿ, ಹೀಗೆ ಒಟ್ಟು 102 ಬೈಟ್‌ಗಳ 'ಮ್ಯಾಜಿಕ್ ಪ್ಯಾಕೆಟ್' ಅದನ್ನು ಎಬ್ಬಿಸಬಲ್ಲದು. ಆದರೆ ಎಬ್ಬಿಸಬೇಕೆಂದು ಮೊದಲೇ ತಿಳಿದವರು ಮಾತ್ರ ಅದನ್ನು ಕಳಿಸುತ್ತಾರೆ. ಮಲಗಿದ ಯಂತ್ರದ ಪರವಾಗಿ ಅದರ ನೆಟ್‌ವರ್ಕ್ ಕಾರ್ಡೇ ಇಂಥ ಸಣ್ಣ ಪ್ರಶ್ನೆಗಳಿಗೆ ಉತ್ತರಿಸುವ ವಿಧಾನಕ್ಕೆ 2010ರಲ್ಲೇ ಇಸಿಎಂಎ-393 ಎಂಬ ಮಾನದಂಡ ರೂಪುಗೊಂಡಿದ್ದರೂ, ಸದಾ ಸಂಪರ್ಕ ಬೇಡುವ ತಂತ್ರಾಂಶಗಳು ಬಳಕೆದಾರರ ಗಮನಕ್ಕೆ ಬಾರದಂತೆ ಯಂತ್ರವನ್ನು ಎಬ್ಬಿಸುತ್ತಲೇ ಇರುತ್ತವೆ. ಯಾವ ತಂತ್ರಾಂಶ ಎಷ್ಟು ಬಾರಿ, ಯಾವ ಕಾರಣಕ್ಕೆ ಎಬ್ಬಿಸಿತು ಎಂಬುದರ ಅಧ್ಯಯನ, ಇನ್ನೊಂದು ಹೊಸ ಸ್ಲೀಪ್ ಅಲ್ಗಾರಿದಮ್‌ಗಿಂತ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಆದ್ದರಿಂದ ಮಾರ್ಗದರ್ಶಕರಲ್ಲಿ ನನ್ನ ವಿನಂತಿ ಇಷ್ಟೇ: ಸಿಮ್ಯುಲೇಷನ್ (ಕಂಪ್ಯೂಟರಿನಲ್ಲೇ ಅನುಕರಿಸಿ ನೋಡುವುದು) ಮುಗಿದ ಮೇಲೆ ಒಂದಾದರೂ ನಿಜವಾದ ಸಾಧನವನ್ನು ಮೀಟರ್‌ಗೆ ಜೋಡಿಸಿ, ಗೋಡೆಯ ಸಾಕೆಟ್‌ನಿಂದ ಅದು ಹೀರುವ ವಿದ್ಯುತ್ತನ್ನು ವಿದ್ಯಾರ್ಥಿಯಿಂದ ಅಳೆಸಿ, ಅದು ಎದ್ದ ಪ್ರತಿ ಸಲದ ದಾಖಲೆಯನ್ನು ಪ್ರಬಂಧದೊಂದಿಗೇ ಪ್ರಕಟಿಸಲಿ. ಆಗ ಮುಂದಿನ ವಿದ್ಯಾರ್ಥಿ ಅದೇ ಅಳತೆಯನ್ನು ಮೊದಲಿನಿಂದ ಮಾಡಬೇಕಾಗುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಓರ್ವ ನೆಟ್‌ವರ್ಕ್ ಎಂಜಿನಿಯರ್