ಮಾಷ್ಟ್ರುಗಳು ಬೆಂಚಿನಲ್ಲಿ ಕೂತ ದಿನಕ್ಕೆ ಹೆಗಲು ಕೊಟ್ಟವರಿಗೆ

2025ರ ಸೆಪ್ಟೆಂಬರ್ 5 ತಿರುವೋಣದ (ಓಣಂ ಹಬ್ಬದ ಮುಖ್ಯ ದಿನ) ದಿನವೇ ಬಂದದ್ದರಿಂದ ಕಾಸರಗೋಡಿನ ನಮ್ಮ ಕನ್ನಡ ಶಾಲೆಯ ಅಧ್ಯಾಪಕರ ದಿನ ರಜೆ ಮುಗಿದ ಮೇಲೆ ನಡೆಯಿತು. ತಡವಾದದ್ದು ಒಳ್ಳೆಯದೇ ಆಯಿತು, ತಯಾರಿಗೆ ಸಮಯ ಸಿಕ್ಕಿತು. ರಕ್ಷಕ-ಶಿಕ್ಷಕ ಸಂಘ ಮತ್ತು ಹಳೆ ವಿದ್ಯಾರ್ಥಿಗಳ ಪರವಾಗಿ ಕೈಜೋಡಿಸಿದ ಎಲ್ಲರಿಗೂ ಮನಸಾರೆ ವಂದನೆಗಳು. ಬೇರೆ ಶಾಲೆಯವರಿಗೂ ಉಪಯೋಗಕ್ಕೆ ಬರಲಿ ಎಂದು ಯಾರು ಏನು ಮಾಡಿದರು, ಎಲ್ಲಿ ಎಡವಟ್ಟಾಯಿತು ಎಂಬುದನ್ನೂ ಬರೆಯುತ್ತಿದ್ದೇವೆ.

ಮೊದಲ ಕೃತಜ್ಞತೆ ಅಧ್ಯಾಪಕರಿಗೆ, ಅದೂ ಹೊರಗಿನವರ ಕಣ್ಣಿಗೆ ಬೀಳದ ಒಂದು ಕೆಲಸಕ್ಕೆ. ಇಲ್ಲಿನ ಕನ್ನಡ ತರಗತಿಗಳಿಗೆ ಬೇಕಾದ ಎಷ್ಟೋ ಅಭ್ಯಾಸ ಹಾಳೆ, ಸೂಚನೆ, ಚಟುವಟಿಕೆಗಳು ಮೊದಲು ಕೈಗೆ ಸಿಗುವುದು ಮಲಯಾಳದಲ್ಲಿ. ಅವನ್ನು ಕನ್ನಡಕ್ಕೆ ತಂದು ಮಕ್ಕಳ ಮುಂದಿಡುವವರು ನಮ್ಮ ಟೀಚರುಗಳು. ಲಿಪಿ ಬದಲಾಯಿಸಿದರೆ ಮುಗಿಯುವ ಕೆಲಸ ಅದಲ್ಲ. ಮಲಯಾಳದಲ್ಲಿ ‘ಅವಸರ’ ಎಂದರೆ ಅವಕಾಶ, ನಮಗೆ ಅದು ಗಡಿಬಿಡಿ. ಅಲ್ಲಿ ‘ಉಪನ್ಯಾಸ’ ಬರೆಯುವಂಥದ್ದು, ಅಂದರೆ ಪ್ರಬಂಧ. ಇಲ್ಲಿ ಅದು ವೇದಿಕೆಯಲ್ಲಿ ನಿಂತು ಕೊಡುವಂಥದ್ದು. ಇಂಥ ಒಂದು ಪದ ಹಾಗೇ ಉಳಿದರೂ ಉತ್ತರ ಗೊತ್ತಿರುವ ಮಗು ಪ್ರಶ್ನೆ ಅರ್ಥವಾಗದೆ ಕೂರುತ್ತದೆ. ಈ ದುಡಿಮೆಗೆ ಸಂಬಳದ ಲೆಕ್ಕದಲ್ಲಿ ಜಾಗವಿಲ್ಲ, ಆದ್ದರಿಂದ ನಾವಾದರೂ ಬಾಯಿಬಿಟ್ಟು ಹೇಳಬೇಕು. ಇಲ್ಲಿನ ಪೆರಡಾಲದಲ್ಲಿ ಮಾಷ್ಟ್ರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು (1915–2015) ಕನ್ನಡ ಕಲಿಸಿದ ನೆಲ ಇದು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡದಲ್ಲಿ ಪಾಠ ನಿಂತಿಲ್ಲವೆಂದರೆ ಅದರ ಭಾರ ಹೊತ್ತವರು ಇಂಥ ಅಧ್ಯಾಪಕರೇ.

ಶಾಲು, ಹಾರ, ಫಲಕ ಯಾವುದೂ ಇರಲಿಲ್ಲ. ಅಂದು ಅಧ್ಯಾಪಕರು ಮಕ್ಕಳ ಜೊತೆ ಬೆಂಚಿನಲ್ಲಿ ಕೂತರು, ಊರವರು ಪಾಠ ಮಾಡಿದರು. ಒಂದೊಂದು ಪಾಠಕ್ಕೆ 40 ನಿಮಿಷ, ಒಂದು ಕೋಣೆಗೆ 25 ಮಂದಿ.

ಮುಡಿ, ಅಂದರೆ ಅಕ್ಕಿ ತುಂಬಿಡುವ ಬೈಹುಲ್ಲಿನ ಮೂಟೆ, ಕಟ್ಟಿ ತೋರಿಸಿದ ಹಿರಿಯ ಕೃಷಿಕರಿಗೆ ವಿಶೇಷ ವಂದನೆ. ಮುಡಿಗೆ ಉದ್ದನೆಯ, ಮುರಿಯದ ಬೈಹುಲ್ಲು ಬೇಕು. ಯಂತ್ರದಲ್ಲಿ ಕೊಯ್ದ ಹುಲ್ಲು ನುಜ್ಜುಗುಜ್ಜಾಗಿರುತ್ತದೆ, ಹಗ್ಗ ಹೊಸೆಯುವಾಗಲೇ ತುಂಡಾಗುತ್ತದೆ. ಆದ್ದರಿಂದ ಕೈಯಲ್ಲಿ ಕೊಯ್ದ ಹುಲ್ಲನ್ನೇ ಹುಡುಕಿ ತಂದಿದ್ದರು. ಹಿಂದಿನ ರಾತ್ರಿ ಅದಕ್ಕೆ ನೀರು ಚಿಮುಕಿಸಿ ಇಟ್ಟಿದ್ದರು. ಒಣ ಹುಲ್ಲು ಬಗ್ಗಿಸಿದರೆ ಮುರಿಯುತ್ತದೆ, ತೀರಾ ಒದ್ದೆಯಾದರೆ ಒಳಗಿನ ಅಕ್ಕಿಗೆ ಬೂಷ್ಟು ಹಿಡಿಯುತ್ತದೆ. ಹುಲ್ಲನ್ನು ಸುತ್ತ ಹರಡಿ, ನಡುವೆ ಮಾದರಿಗೆಂದು 5 ಸೇರು ಅಕ್ಕಿ ಸುರಿದು, ತುದಿಗಳನ್ನು ಮೇಲೆತ್ತಿ ಹಗ್ಗ ಬಿಗಿಯುತ್ತಾ ಹೋದರು. ಪ್ರತಿ ಸುತ್ತಿಗೂ ಮರದ ಕೊಡತಿಯಿಂದ ಬಡಿತ. ಬಡಿದಷ್ಟೂ ಅಕ್ಕಿ ಒತ್ತಾಗಿ ಕೂತು ಮುಡಿ ದುಂಡಗಾಗುತ್ತದೆ. ಲೆಕ್ಕದ ಟೀಚರ್ ಕೂತಲ್ಲಿಂದಲೇ ಬರೆದುಕೊಂಡರು: 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಒಟ್ಟು 42 ಸೇರು. ಈ ಸೇರು ಪಾತ್ರೆಯ ಅಳತೆಯೇ ಹೊರತು ತೂಕವಲ್ಲ ಎಂಬುದು ಮಕ್ಕಳಿಗೆ ಸುಲಭದಲ್ಲಿ ಹೊಳೆಯಲಿಲ್ಲ. ಒಂದು ಸೇರು ಕುಚ್ಚಲಕ್ಕಿ, ಒಂದು ಸೇರು ಬೆಳ್ತಿಗೆ ಅಕ್ಕಿ ಎರಡನ್ನೂ ತಕ್ಕಡಿಗೆ ಹಾಕಿ, ಮುಳ್ಳು ಬೇರೆ ಬೇರೆ ಕಡೆ ನಿಂತದ್ದನ್ನು ನೋಡಿದ ಮೇಲೆಯೇ ನಂಬಿಕೆ ಬಂತು. ಈ ಪಾಠಕ್ಕೆ 40 ನಿಮಿಷ ಸಾಲಲಿಲ್ಲ. ಮಾಡುವವರು ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಮರಗೆಲಸದ ಕೋಲು ಅಳತೆ ಹೇಳಿಕೊಟ್ಟ ಆಚಾರಿಯವರಿಗೂ ವಂದನೆ. ಒಂದು ಕೋಲಿಗೆ 24 ಅಂಗುಲ (ಈ ಅಂಗುಲ ಇಂಚಲ್ಲ, ಸುಮಾರು 3 ಸೆಂಟಿಮೀಟರ್), ಅಂದರೆ ಸುಮಾರು 72 ಸೆಂಟಿಮೀಟರ್. ಮಕ್ಕಳು ವರಾಂಡವನ್ನು ಎರಡೂ ರೀತಿಯಲ್ಲಿ ಅಳೆದರು. ಚೆಂಡೆಯ ಪಾಠವನ್ನು ಓದುವ ಕೋಣೆಯ ಪಕ್ಕದಲ್ಲಿ ಇಟ್ಟದ್ದು ನಮ್ಮದೇ ತಪ್ಪು. ಒಂದು ಪೆಟ್ಟಿಗೇ ಗೊತ್ತಾಯಿತು. ಕೂಡಲೇ ಚೆಂಡೆಯನ್ನು ಮೈದಾನದ ಆಚೆಯ ಶೆಡ್ಡಿಗೆ ಹೊತ್ತೊಯ್ದ ಹಳೆ ವಿದ್ಯಾರ್ಥಿಗಳಿಗೆ ಧನ್ಯವಾದ.

ಬಾಟಲಿ ಕತ್ತರಿಸಿ ಮಾಡಿದ ಮಳೆಮಾಪಕದಲ್ಲೂ ಒಂದು ಪಾಠ ಕಲಿತೆವು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ತುಂಬಿ, ನೇರ ಭಾಗದವರೆಗೆ ನೀರು ಹಾಕಿ, ಅಲ್ಲಿ ಸೊನ್ನೆ ಗುರುತು ಮಾಡಬೇಕು. ಕತ್ತರಿಸಿದ ಮೇಲ್ಭಾಗವನ್ನೇ ಆಲಿಕೆಯಾಗಿ ಮಗುಚಿಟ್ಟರೆ ಬಾಯಿಯ ಅಗಲ ಬಾಟಲಿಯಷ್ಟೇ ಇರುತ್ತದೆ. ಅಂಗಡಿಯಿಂದ ದೊಡ್ಡ ಆಲಿಕೆ ತಂದಿಟ್ಟರೆ ಬಿದ್ದದ್ದಕ್ಕಿಂತ ಹೆಚ್ಚು ಮಳೆ ತೋರಿಸುತ್ತದೆ. ಒಂದು ಗುಂಪು ಅಡಿಕೆ ಮರದ ಬುಡದಲ್ಲಿ ಇಟ್ಟಿತ್ತು, ಸೋಗೆಯ ಹನಿಯೆಲ್ಲ ಅದಕ್ಕೇ ಸೇರಿತು. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬೇಕು.

ಎಲ್ಲರೂ ಹೆಚ್ಚು ಹೊತ್ತು ನಿಂತದ್ದು ಒಂದೇ ಪದವನ್ನು ಊರಿನ ಹಲವು ಭಾಷೆಗಳಲ್ಲಿ ಬರೆದಿಟ್ಟ ಪದಗೋಡೆಯ ಮುಂದೆ. ಫ್ಲೆಕ್ಸ್ ಬೇಡವೆಂದು ಬಿಳಿ ಬಟ್ಟೆಯ ಮೇಲೆಯೇ ಬರೆದೆವು. ಮೊದಲ ಬಟ್ಟೆಯಲ್ಲಿ ಮಾರ್ಕರಿನ ಶಾಯಿ ಹರಡಿ ಅಕ್ಷರವೆಲ್ಲ ಹೂವಾಯಿತು. ಅಕ್ಕಿಗಂಜಿಯಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಹಾಕಿದರೆ ಹರಡುವುದಿಲ್ಲ ಎಂದು ತೋರಿಸಿ, ರಾತ್ರೋರಾತ್ರಿ ಇನ್ನೊಂದು ಬಟ್ಟೆ ತಯಾರು ಮಾಡಿಕೊಟ್ಟ ದರ್ಜಿಯಕ್ಕನ ಉಪಕಾರ ಮರೆಯುವಂಥದ್ದಲ್ಲ. ಕನ್ನಡ, ತುಳು, ಮಲಯಾಳ, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಏಳು ಸಾಲು, ಒಂದೊಂದರಲ್ಲಿ ಹನ್ನೆರಡು ಪದ, ಎಲ್ಲವೂ ಕನ್ನಡ ಲಿಪಿಯಲ್ಲಿ. ಹಲಸು ಮಲಯಾಳದಲ್ಲಿ ಚಕ್ಕ, ಕೊಂಕಣಿಯಲ್ಲಿ ಪಣಸು, ಮರಾಠಿಯಲ್ಲಿ ಫಣಸ. ಮನೆ ತುಳುವಿನಲ್ಲಿ ಇಲ್ಲ್. ಮಳೆ ತುಳುವಿನಲ್ಲಿ ಬರ್ಸ. ಮಲಯಾಳದ ಮಳೆ ಬರೆಯುವಾಗ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಪೆನ್ನು ಹಿಡಿದುಕೊಂಡೇ ನಿಂತಳು, ಅವರ ಆ ಅಕ್ಷರ ನಮ್ಮ ‘ಳ’ ಅಲ್ಲವಲ್ಲ! ಕನ್ನಡ ಟೀಚರ್ ಬೆಂಚಿನಿಂದ ಎದ್ದು ಬಂದು ‘ೞ’ ಬರೆದರು. ಹಳಗನ್ನಡದಲ್ಲಿ ನಾವೂ ‘ಮೞೆ’ ಎಂದೇ ಬರೆಯುತ್ತಿದ್ದೆವು ಎಂದರು. ಆ ಹುಡುಗಿ ‘ಮೞ’ ಎಂದು ಎರಡು ಸಲ ತಿದ್ದಿ ಬರೆದಳು. ಅಂದು ಪಾಠ ಮಾಡಬಾರದೆಂಬ ನಿಯಮ ಮುರಿದದ್ದಕ್ಕೆ ಟೀಚರಿಗೆ ಇನ್ನೊಂದು ವಂದನೆ.

ಅಡುಗೆ ಮಾಡಿದ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಕೂಟ) ಅಕ್ಕಂದಿರಿಗೆ ಎಷ್ಟು ಹೇಳಿದರೂ ಸಾಲದು. 250 ಮಂದಿಯ ಪಾಯಸಕ್ಕೆ 3 ಕಿಲೋ ಹೆಸರುಬೇಳೆ, 4 ಕಿಲೋ ಬೆಲ್ಲ, 25 ತೆಂಗಿನಕಾಯಿ. ಬೇಳೆ ಪೂರ್ತಿ ಬೇಯುವ ಮೊದಲು ಬೆಲ್ಲ ಹಾಕಿದರೆ ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ನೀರಾದ ಕಾಯಿಹಾಲಿನಲ್ಲಿ ಬೇಯಿಸಿ, ದಪ್ಪ ಹಾಲನ್ನು ಒಲೆಯಿಂದ ಇಳಿಸುವಾಗ ಹಾಕಬೇಕು, ಕುದಿಸಿದರೆ ಒಡೆಯುತ್ತದೆ. ಊಟಕ್ಕೆ ಹಾಳೆತಟ್ಟೆ ಕೊಟ್ಟ ಮನೆಯವರಿಗೆ, ಗುಡಿಸಿ ತೊಳೆದ ತಾಯಂದಿರಿಗೆ, ಮಳೆಯಲ್ಲೇ ಅಕ್ಕಿ ಚೀಲ ಹೊತ್ತು ತಂದ ಆಟೋದ ಅಣ್ಣನಿಗೆ ಕೂಡ ನಮ್ಮ ವಂದನೆ.

ಪದಗೋಡೆಯ ಬಟ್ಟೆ ವರಾಂಡದಲ್ಲೇ ಇದೆ. ಬ್ಯಾರಿ ಸಾಲಿನಲ್ಲಿ ಇನ್ನೂ ನಾಲ್ಕು ಚೌಕ ಖಾಲಿ, ಗೊತ್ತಿದ್ದವರು ಬಂದು ಬರೆದು ಹೋಗಿ, ಮಾರ್ಕರ್ ಆಫೀಸಿನಲ್ಲಿದೆ. ದೊಡ್ಡ ಸೌಟೊಂದು ಅಡುಗೆಕೋಣೆಯಲ್ಲಿ ಉಳಿದಿದೆ, ಯಾರದೆಂದು ತಿಳಿಸಿದರೆ ಮನೆಗೆ ಮುಟ್ಟಿಸುತ್ತೇವೆ.